ಜಿಡ್ಡಿನ ಜಾಲರಿಯೂ ನನ್ನ ಮೀಸೆಯೂ

ಹೋದ ತಿಂಗಳು ನಮ್ಮಣ್ಣ ತೀರಿಕೊಂಡ. ಈ ಸುದ್ದಿ ಅವನಿಗೆ ಇನ್ನೂ ತಲುಪಿಲ್ಲ.

ಅವನು ಕಂಪ್ಲಿಯಲ್ಲಿ ಕಬ್ಬಿಗೆ ನೀರು ಬಿಟ್ಟುಕೊಂಡು ಗಟ್ಟಿಮುಟ್ಟಾಗಿದ್ದಾನೆ. ನನ್ನವರೆಂದು ಉಳಿದಿರುವವನು ಅವನೊಬ್ಬನೇ. ಅವನನ್ನು ಸಾಯಿಸಿದವರು ಹೊಸಪೇಟೆಯ ನಮ್ಮ ಓಣಿಯ ಜನ. ಅದಕ್ಕೆ ಬೇಕಾದ ಪುರಾವೆಯನ್ನೆಲ್ಲ ಒದಗಿಸಿದ್ದು ಮಾತ್ರ ನಾನು ಮತ್ತು ನನ್ನ ಓವನ್.

ಓವನ್ ಎಂದರೇನು ಎಂದು ಕೇಳುವವರಿಗೆ ಹೇಳುತ್ತೇನೆ. (ಈಚಿನವರೆಗೆ ನನಗೂ ಗೊತ್ತಿರಲಿಲ್ಲ, ಸಂಕೋಚ ಬೇಡ.) ಅದೊಂದು ದಪ್ಪ ತಗಡಿನ ಪೆಟ್ಟಿಗೆ. ಕೆಳಗೆ ಕೆಂಡ, ಮುಂದೆ ಬಾಗಿಲು, ಒಳಗೆ ಕಬ್ಬಿಣದ ಕಂಬಿಗಳ ಎರಡು ಜಾಲರಿ. ಹಿಟ್ಟಿನ ಬಿಲ್ಲೆಗಳನ್ನು ತಟ್ಟೆಯಲ್ಲಿ ಜೋಡಿಸಿ, ಜಾಲರಿಯ ಮೇಲಿಟ್ಟು ಬಾಗಿಲು ಮುಚ್ಚಿದರೆ ಬಿಸ್ಕೀಟು. ಸೊಂಡೂರು ಗುಡ್ಡದ ಗಣಿಯಲ್ಲಿ ಮ್ಯಾನೇಜರಾಗಿದ್ದ ದೊರೆ ತನ್ನ ದೇಶಕ್ಕೆ ಹೊರಟಾಗ ಬಂಗಲೆಯ ಸಾಮಾನು ಹಂಚಿಹೋಯಿತು. ಅಲ್ಲಿ ಗುಮಾಸ್ತನಾಗಿರುವ ನನ್ನ ಹಳೆಯ ಶಿಷ್ಯ ಇದನ್ನು ಬಂಡಿಯಲ್ಲಿ ಹಾಕಿ ನನಗೆ ಕಳಿಸಿದ.

ಒಬ್ಬನೇ ಇರುವ ಮಾಸ್ತರನಿಗೆ ಓವನ್ ಏಕೆ? ನಿಜ ಹೇಳಿಬಿಡುತ್ತೇನೆ. ನಮ್ಮಾಕೆ ಹೋದ ಮೇಲೆ ನಮ್ಮ ಮನೆಗೆ ಯಾರೂ ಬರುವುದಿಲ್ಲ. ಜನ ಕೆಟ್ಟವರಲ್ಲ. ಶಾಲೆಗೆ ಹೋಗುವಾಗ ಕೈ ಮುಗಿಯುತ್ತಾರೆ, ಆರಾಮವೇ ಎಂದು ಕೇಳುತ್ತಾರೆ. ಆದರೆ ಹೆಂಗಸಿಲ್ಲದ ಮನೆಯ ಹೊಸ್ತಿಲು ದಾಟಲು ಯಾರಿಗೂ ಕಾರಣ ಸಿಗುವುದಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮಾತಾಡುವುದಕ್ಕೆ ನಾನೇ, ಕೇಳುವುದಕ್ಕೂ ನಾನೇ. ಬಿಸ್ಕೀಟು ಮಾಡಿದರೆ ರುಚಿ ನೋಡಲಾದರೂ ನಾಲ್ಕು ಜನ ಬಂದು ಕೂತಾರು ಎಂಬುದು ನನ್ನ ಆಸೆ.

ಮಾಡಿದೆ. ಕರೆದೆ. ಯಾರೂ ಬರಲಿಲ್ಲ.

ಪಕ್ಕದ ಮನೆಯ ಶರಣವ್ವ ಹಿತ್ತಲ ಗೋಡೆಯ ಆಚೆಯಿಂದ ಕಾರಣ ಹೇಳಿದಳು. "ಬ್ಯಾಸರ ಮಾಡ್ಕೋಬ್ಯಾಡ್ರಿ ಮಾಸ್ತರ. ದೊರಿ ಅದ್ರಾಗ ಏನೇನು ಸುಟ್ಟಾನೋ ಯಾರಿಗೆ ಗೊತ್ತು? ಆ ಜಿಡ್ಡು ಹಂಗ ಐತಿ. ನಿಮ್ಮ ಪಾತ್ರಿಗೆಲ್ಲ ಅದ ತಾಗೇತಿ."

ಆಕೆ ಹೇಳಿದ್ದು ಸುಳ್ಳಲ್ಲ. ಕಂಬಿಗಳ ಮೇಲೆ ಕರಿ ಜಿಡ್ಡು ದಪ್ಪಗೆ ಕೂತಿತ್ತು. ಆಡಿನದೋ, ಹಂದಿಯದೋ, ಅದಕ್ಕೂ ಹಿಂದಿನ ದೊರೆಯ ಕೋಳಿಯದೋ? ಅದನ್ನು ಹಾಗೇ ಬಿಟ್ಟು ನಾನು ಬಿಸ್ಕೀಟು ಸುಟ್ಟಿದ್ದೆ. (ತಿಂದೂ ಇದ್ದೆ. ಆ ವಿಷಯ ಈಗ ಬೇಡ.)

ತೊಳೆಯಲು ಕೂತೆ. ಮೊದಲು ಬೂದಿ ಮತ್ತು ಹುಣಸೆಹಣ್ಣು. ಹಿತ್ತಾಳೆ ಚೆಂಬನ್ನು ಬಂಗಾರ ಮಾಡುವ ಈ ಜೋಡಿಗೆ ದೊರೆಯ ಜಿಡ್ಡು ಜಗ್ಗಲಿಲ್ಲ. ಆಮೇಲೆ ಅಂಟುವಾಳಕಾಯಿ. ನೊರೆ ಬಂತು, ಜಿಡ್ಡು ಹೋಗಲಿಲ್ಲ. ಕೊನೆಗೆ ಅಂಗಡಿಯಿಂದ ಬಟ್ಟೆ ಸೋಡಾ ತಂದೆ. ಹಂಡೆಯ ಕುದಿನೀರನ್ನು ಬಾನಿಯೊಳಗೆ ಸುರಿದು, ಸೋಡಾ ಕದಡಿ, ಜಾಲರಿಗಳನ್ನು ಮುಳುಗಿಸಿ ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ನೀರು ಕಷಾಯದ ಬಣ್ಣಕ್ಕೆ ತಿರುಗಿತ್ತು. ತೆಂಗಿನ ನಾರಿಗೆ ಇಟ್ಟಂಗಿ ಪುಡಿ ಹಚ್ಚಿ ತಿಕ್ಕಿದೆ. ಜಿಡ್ಡು ಪದರ ಪದರವಾಗಿ ಎದ್ದು ಬಂತು. ಅಂಗೈ ಚರ್ಮವೂ ಸ್ವಲ್ಪ ಎದ್ದಿತು. (ಸೋಡಾ ಮುಟ್ಟುವವರು ಕೈಗೆ ಬಟ್ಟೆ ಸುತ್ತಿಕೊಳ್ಳಿ. ಈ ಬುದ್ಧಿ ನನಗೆ ಆಮೇಲೆ ಬಂತು.)

ಮೂಲೆಗಳಲ್ಲಿ ಚೂರುಪಾರು ಉಳಿದಿತ್ತು. ಸುಟ್ಟರೆ ಹೋದೀತು ಎಂದು ಕೆಂಡದ ಮೇಲಿಟ್ಟು, ಬಗ್ಗಿ ಊದಿದೆ. ಹಳೆಯ ಕೊಬ್ಬು ಭಗ್ಗನೆ ಹತ್ತಿಕೊಂಡಿತು. ಜಿಡ್ಡು ಹೋಯಿತು. ಜೊತೆಗೆ ನನ್ನ ಎಡಗಡೆಯ ಮೀಸೆಯೂ ಹೋಯಿತು.

ಕ್ಷೌರದ ಹನುಮಂತ ಸಮ ಮಾಡುತ್ತೇನೆಂದು ಬಲಗಡೆಯದನ್ನೂ ತೆಗೆದ. ಶಾಲೆಯಲ್ಲಿ ತಿಳಿದರೆ ಮಾನ ಉಳಿಯದು, ಯಾರಿಗೂ ಹೇಳಬೇಡ ಎಂದೆ. ಊರ ಸುದ್ದಿಯನ್ನೆಲ್ಲ ಹೊತ್ತು ತಿರುಗುವ ಹನುಮಂತ ಅಂದು ಮಾತ್ರ ಕೊಟ್ಟ ಮಾತಿಗೆ ತಪ್ಪಲಿಲ್ಲ. ಕೇಳಿದವರಿಗೆಲ್ಲ "ಮಾಸ್ತರ ಹೇಳಬ್ಯಾಡ ಅಂದಾರ" ಎಂದನಂತೆ. ಓಣಿಗೆ ಇನ್ನೇನು ಬೇಕು?

ನಾನೂ ಅಷ್ಟಕ್ಕೇ ಬಿಡಲಿಲ್ಲ. ಸ್ವಚ್ಛವಾದದ್ದು ಎಲ್ಲರ ಕಣ್ಣಿಗೂ ಬೀಳಲಿ ಎಂದು ಜಾಲರಿಗಳನ್ನೂ, ಮನೆಯ ಅಷ್ಟೂ ಪಾತ್ರೆಗಳನ್ನೂ, ಹೇಗೂ ಹೊರಟಿದ್ದೇನಲ್ಲ ಎಂದು ಹಾಸಿಗೆ ಹೊದಿಕೆಗಳನ್ನೂ ಕಾಲುವೆಗೆ ಹೊತ್ತೆ.

ಮಹಾನವಮಿ ಹತ್ತಿರವಿಲ್ಲ, ಯುಗಾದಿ ಹತ್ತಿರವಿಲ್ಲ. ಒಬ್ಬ ಗಂಡಸು ಮೀಸೆ ಬೋಳಿಸಿಕೊಂಡು, ಮನೆಯ ಸಾಮಾನೆಲ್ಲ ತಂದು, ಹೊಗೆಗೆ ಕೆಂಪಾದ ಕಣ್ಣು ಒರೆಸಿಕೊಳ್ಳುತ್ತ ಕಾಲುವೆಯಲ್ಲಿ ತೊಳೆಯುತ್ತಿದ್ದಾನೆ. ನಮ್ಮ ಕಡೆ ಇದಕ್ಕೆ ಒಂದೇ ಅರ್ಥ. ಅದು ನನಗೊಬ್ಬನಿಗೆ ಹೊಳೆಯಲಿಲ್ಲ. ದಂಡೆಯ ಹೆಂಗಸರು ಒಗೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಜಾಲರಿಯ ಹೊಳಪಿಗೆ ಬೆರಗಾಗಿದ್ದಾರೆ ಎಂದುಕೊಂಡೆ.

ಸಂಜೆ ಜನ ಬಂದರು.

ಶರಣವ್ವ, ಆಕೆಯ ಗಂಡ ವೀರಪ್ಪ, ಓಣಿಯ ಹಿರಿಯರು, ಒಬ್ಬರ ಹಿಂದೊಬ್ಬರು. ಚಾಪೆ ಸಾಲದೆ ಗೋಡೆಗೆ ಒರಗಿ ಕೂತರು. ಶರಣವ್ವ ಬೋಗುಣಿಯಲ್ಲಿ ಅನ್ನ ಸಾರು ತಂದಿದ್ದಳು. ಬಹಳ ದಿನಗಳ ಮೇಲೆ ನಮ್ಮ ಪಡಸಾಲೆಯಲ್ಲಿ ಮನುಷ್ಯರ ಉಸಿರು. ಸೋಡಾ ಗೆದ್ದಿತು ಎಂದುಕೊಂಡೆ.

ಹೊಸದಾಗಿ ಸುಟ್ಟ ಬಿಸ್ಕೀಟಿನ ತಟ್ಟೆ ಹಿಡಿದೆ. ಒಬ್ಬರೂ ಮುಟ್ಟಲಿಲ್ಲ. ಇನ್ನೂ ಅನುಮಾನವೇ? ಜಾಲರಿಯನ್ನೇ ತಂದು ದೀಪದ ಮುಂದೆ ಹಿಡಿದೆ. ಬೂದಿಯಿಂದ ಸೋಡಾದವರೆಗೆ ಇಡೀ ಕಥೆ ಹೇಳಿದೆ. (ಮೀಸೆಯ ಭಾಗ ಬಿಟ್ಟು.) ಯಾರೂ ನಗಲಿಲ್ಲ. ಪಾಪ, ಮಾಸ್ತರರ ತಲೆಯೇ ಕೆಟ್ಟಿದೆ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೀರಪ್ಪ ಎದ್ದು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟ.

"ಇರ್ಲಿ ಬಿಡ್ರಿ ಮಾಸ್ತರ. ಭಾಳ ಮನಸಿಗೆ ಹಚ್ಕೋಬ್ಯಾಡ್ರಿ."

ಒಂದು ಜಾಲರಿಗೆ ಇಷ್ಟು ಕನಿಕರವೇ ಎನಿಸಿತು. ಆದರೂ ಆ ಕೈ ಅಲ್ಲೇ ಇರಲಿ ಎಂದು ಅಲುಗಾಡದೆ ಕೂತೆ. ನಮ್ಮಾಕೆ ಹೋದ ಮೇಲೆ ನನ್ನ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ.

ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಎದ್ದರು. ಎದ್ದವರು ಸುಮ್ಮನೆ ಚಪ್ಪಲಿ ಮೆಟ್ಟಿ, ತಿರುಗಿ ನೋಡದೆ ಮೆಟ್ಟಿಲಿಳಿದರು. ಯಾರೂ "ಬರ್ತೀವ್ರಿ" ಅನ್ನಲಿಲ್ಲ.

ಆಗ ತಿಳಿಯಿತು.

ನಮ್ಮಲ್ಲಿ ಆ ಮಾತು ಹೇಳದೆ ಹೋಗುವುದು ಸಾವಿನ ಮನೆಯಿಂದ ಮಾತ್ರ. ಮತ್ತೆ ಇಂಥದ್ದಕ್ಕೆ ಬರುವಂತಾಗದಿರಲಿ ಎಂದು ಬಾಯಿ ಕಟ್ಟಿಕೊಳ್ಳುತ್ತಾರೆ. ಅಲ್ಲಿ ಏನನ್ನೂ ಬಾಯಿಗೆ ಹಾಕಿಕೊಳ್ಳುವುದೂ ಇಲ್ಲ. ನಮ್ಮಾಕೆ ಹೋದ ದಿನವೂ ಇವರೆಲ್ಲ ಹೀಗೇ ಬಂದು ಕೂತಿದ್ದರು, ಹೀಗೇ ಎದ್ದು ಹೋಗಿದ್ದರು. ಬರ್ತೀವಿ ಅನ್ನಲಿಲ್ಲ. ಬರಲೂ ಇಲ್ಲ.

ಮೀಸೆಯಿದ್ದ ಜಾಗ ಮುಟ್ಟಿಕೊಂಡು ಹೊರಗೆ ಓಡಿದೆ. ಯಾರೂ ಸತ್ತಿಲ್ಲ, ಜಾಲರಿ ತೊಳೆದೆ ಅಷ್ಟೇ ಎಂದು ಓಣಿಯಲ್ಲಿ ನಿಂತು ಹೇಳಿದೆ. ಹೇಳುವಾಗ ತಪ್ಪು ಮಾಡಿದವನಂತೆ ನನ್ನ ದನಿ ಇಳಿದಿತ್ತು. ಮೊದಲೇ ಎದ್ದು ಹೋಗಿದ್ದ ಶರಣವ್ವ ಒದ್ದೆ ತಲೆಯಲ್ಲೇ ತನ್ನ ಬಾಗಿಲಿಗೆ ಬಂದಳು.

"ಹಂಗಂದ್ರ ಕಂಪ್ಲಿ ಅಣ್ಣಾರು ಅದಾರೇನ್ರಿ?"

"ಅದಾನಮ್ಮ. ಆರಾಮ ಅದಾನ."

"ತಲಿ ಮ್ಯಾಲೆ ತಣ್ಣೀರು ಹಾಕ್ಕೊಂಡೆನಲ್ರಿ ಮಾಸ್ತರ," ಎಂದು ಆಕೆ ನಗತೊಡಗಿದಳು. ವೀರಪ್ಪ ನಕ್ಕ. ಓಣಿಯೇ ನಕ್ಕಿತು. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಎಲ್ಲರೂ ಅವರವರ ಮನೆಗೆ ಹೋದರು. ಯಾರೂ ಸಾಯದ ಮನೆಯಲ್ಲಿ ಅವರಿಗೇನು ಕೆಲಸ? ನಾನು ಒಳಗೆ ಬಂದು ಸಾವಿನ ಮನೆಯ ಅನ್ನವನ್ನು ಒಬ್ಬನೇ ಉಂಡೆ. ಸಾರು ಚೆನ್ನಾಗಿತ್ತು.

ಮರುದಿನ ಶರಣವ್ವ ಬೋಗುಣಿಗೆ ಬಂದಳು. ಬರಿದು ಕೊಡಬಾರದೆಂದು ಬಿಸ್ಕೀಟು ತುಂಬಿ ಕೊಟ್ಟೆ. ಹೊಸ್ತಿಲ ಆಚೆಯೇ ನಿಂತು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಮಸ್ತ್ ಆಗಿವೆ ಎಂದಳು. ಹೊರಡುವಾಗ, ನಾನು ಕಾಯುತ್ತಿದ್ದೇನೆಂದು ಹೇಗೆ ಗೊತ್ತಾಯಿತೋ, ತಿರುಗಿ ನಿಂತು ಹೇಳಿದಳು.

"ಬರ್ತೀನ್ರಿ ಮಾಸ್ತರ."

ಅಂದಿನಿಂದ ಸಂಜೆ ಹೊತ್ತು ಬಾಗಿಲು ತೆರೆದೇ ಇಡುತ್ತೇನೆ. ಈವರೆಗೆ ಯಾರೂ ಬಂದಿಲ್ಲ. ಜಾಲರಿಗೆ ಮತ್ತೆ ಜಿಡ್ಡು ಹತ್ತುತ್ತಿದೆ. ಈ ಸಲ ನನ್ನದೇ ಬೆಣ್ಣೆ, ನಾನೊಬ್ಬನೇ ತಿಂದದ್ದು. ಮೀಸೆಯೂ ಮೊದಲಿನಂತೆ ಪೂರಾ ಬೆಳೆದಿದೆ.

ಬೋಳಿಸಲೇ?