ಪೂಜೆಗಿಟ್ಟ ಯಂತ್ರ

ಮಣಿಪಾಲದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಆಮೇಲೆ ಕರಿಕೋಟು ತೊಟ್ಟು ಪೇಟೆಂಟ್ ವ್ಯಾಜ್ಯ ನಡೆಸುವ ನನಗೆ ಹೆದರಿಕೆಯೇ ಕಸುಬು. ಯಂತ್ರ ಎಲ್ಲಿ ಕೆಡುತ್ತದೋ ಎಂದು ನನ್ನೊಳಗಿನ ಎಂಜಿನಿಯರ್ ಹೆದರುತ್ತಾನೆ, ಕೇಸು ಎಲ್ಲಿ ಕೆಡುತ್ತದೋ ಎಂದು ವಕೀಲ.

ಕಾರ್ಕಳದ ಒಂದು ವರ್ಕ್‌ಶಾಪಿನಲ್ಲಿ ಮಾತ್ರ ಇಬ್ಬರೂ ಬಾಯಿ ಮುಚ್ಚಿದರು. ಅದರ ಯಜಮಾನಿ, ನನ್ನ ಕಕ್ಷಿದಾರೆ, ಗೇರುಬೀಜ ಒಡೆಯುವ ಯಂತ್ರ ಕಂಡುಹಿಡಿದಿದ್ದರು. ಗೇರುಬೀಜ ಒಂದರಂತೆ ಇನ್ನೊಂದಿಲ್ಲ. ಆದರೂ ಒಳಗೆ ಇಕ್ಕಳದಂಥ ಪುಟ್ಟ ಹಿಡಿಕೆಯೊಂದು ಪ್ರತಿ ಬೀಜವನ್ನೂ ಮೆಲ್ಲಗೆ ಒತ್ತಿ, ದಪ್ಪ ತಿಳಿದು, ಬ್ಲೇಡನ್ನು ಸಿಪ್ಪೆಯಷ್ಟೇ ಆಳಕ್ಕೆ ಬಿಡುತ್ತಿತ್ತು. ತಿರುಳು ಇಡಿಯಾಗಿ ಉರುಳಿ ಬರುತ್ತಿತ್ತು. ಬಂದ ಕೆಲಸ ಮರೆತು ಬಗ್ಗಿ ನೋಡುತ್ತಲೇ ಇದ್ದೆ. ಕನ್ನಡಕ ಒಳಗೆ ಬಿದ್ದೀತೆಂದು ಅವರೇ ಹಿಂದಕ್ಕೆಳೆದರು.

ಕಾಪುವಿನ ಒಬ್ಬರು ಅದನ್ನೇ ನಕಲು ಮಾಡಿ ಮಾರುತ್ತಿದ್ದರು. ನಾವು ದಾವೆ ಹೂಡಿದೆವು. ಅವರು ಒಂದು ಫೋಟೋ ಹಾಜರುಪಡಿಸಿದರು: ನಾವು ಪೇಟೆಂಟಿಗೆ ಅರ್ಜಿ ಹಾಕುವ ಮೊದಲಿನ ಆಯುಧಪೂಜೆ, ಹಾರ ಹಾಕಿದ ಯಂತ್ರ, ಸುತ್ತ ಊರವರು. ಯಂತ್ರ ಕೆಲಸ ಮಾಡುವ ಬಗೆ ಅರ್ಜಿಗೆ ಮೊದಲೇ ಊರಿಗೆ ಗೊತ್ತಾಗಿದ್ದರೆ ಪೇಟೆಂಟ್ ಬಿದ್ದುಹೋಗುತ್ತದೆ.

"ಆ ದಿನ ಯಾರ್ಯಾರು ಬಂದಿದ್ರು?" ಎಂದು ಯಜಮಾನಿಯನ್ನು ಕೇಳಿದೆ.

"ಎಲ್ಲರೂ. ಕಾಪುವಿನವರೂ ಬಂದಿದ್ರು, ಪಂಚಕಜ್ಜಾಯ ಇನ್ನೂ ಉಂಟಾ ಅಂತ ಕೇಳಿ ತಿಂದ್ರು."

"ಅವರನ್ನು ಯಾಕೆ ಕರೆದ್ರಿ?"

"ಕರೆಯದೆ ಪೂಜೆ ಮಾಡ್ಲಿಕ್ಕುಂಟಾ ವಕೀಲ್ರೇ?"

ಅಷ್ಟಕ್ಕೇ ಕೇಸು ಕೆಟ್ಟಿತೆಂದು ಹೆದರಿ, ಮುಂದಿನ ಪ್ರಶ್ನೆ ಕೇಳುವುದನ್ನೇ ಮರೆತೆ.

ಉಡುಪಿಯ ಕೋರ್ಟಿನಲ್ಲಿ ಕಾಪುವಿನವರು ಕಟಕಟೆ ಹತ್ತಿ, ಅಂದು ಯಂತ್ರವನ್ನು ಚೆನ್ನಾಗಿ ನೋಡಿದ್ದೇನೆ ಎಂದರು. ಪಾಟೀಸವಾಲಿಗೆ ನಾನು ಕಟ್ಟಿಕೊಂಡು ಹೋಗಿದ್ದ ಎಂಜಿನಿಯರಿಂಗ್ ಪ್ರಶ್ನೆಗಳೆಲ್ಲ ತಲೆಯಿಂದ ಹಾರಿಹೋದವು. ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ: "ಆಗ ಅದು ಓಡ್ತಾ ಇತ್ತಾ?"

"ಎಂತ ಕೇಳ್ತೀರಿ ಮಾರಾಯ್ರೆ! ಪೂಜೆಗಿಟ್ಟ ಮೆಷಿನ್ ಯಾರಾದ್ರೂ ಓಡಿಸ್ತಾರಾ? ಅದರ ಮುಚ್ಚಳವನ್ನೂ ಮುಟ್ಟುವುದಿಲ್ಲ."

ಅವರ ವಕೀಲರು ಕಣ್ಣು ಮುಚ್ಚಿಕೊಂಡರು. ಊರೆಲ್ಲ ಕಂಡದ್ದು ಹಾರ, ಕುಂಕುಮ, ಮುಚ್ಚಿದ ಪೆಟ್ಟಿಗೆ, ಆ ಹಿಡಿಕೆಯನ್ನಲ್ಲ. ಪೇಟೆಂಟ್ ಉಳಿಯಿತು. ನಾನು ಬಹಳ ಯೋಚಿಸಿ ಕೇಳಿದೆನೆಂದು ಎಲ್ಲರೂ ಹೊಗಳಿದರು. ನಾನೂ ಸುಮ್ಮನಿದ್ದೆ.

ಮುಂದಿನ ಆಯುಧಪೂಜೆಗೆ ನನಗೂ ಕರೆ ಬಂತು. ಚೆಂಡುಹೂವಿನ ಹಾರ ಹೊತ್ತು ಯಂತ್ರ ಸುಮ್ಮನೆ ಕುಳಿತಿತ್ತು. ಒಳಗೇನಿದೆಯೆಂದು ಬಲ್ಲ ನನಗೆ ಆ ಮೌನವೇ ಮೈನವಿರೇಳಿಸಿತು, ಅರಿವಿಲ್ಲದೆ ಕೈಮುಗಿದೆ. ಪಕ್ಕದಲ್ಲಿ ಬೆಡ್‌ಶೀಟ್ ಹೊದಿಸಿದ ಇನ್ನೇನೋ ಇತ್ತು, ಅದಕ್ಕೂ ಹಾರ.

"ಅದೆಂತ?"

"ಹೊಸತು. ಅರ್ಜಿ ಹಾಕುವ ತನಕ ನಿಮಗೂ ತೋರಿಸುವುದಿಲ್ಲ."