ಹಳಿಯಾಳದ ಹೊಲಕ್ಕೆ ಅವರನ್ನು ಒಯ್ದದ್ದು

ದಿಲ್ಲಿ ಬಿಟ್ಟ ಮಧ್ಯಾಹ್ನ ಸೂರ್ಯನನ್ನು ಬರಿಗಣ್ಣಿನಿಂದ ನೋಡಬಹುದಿತ್ತು. ಮಾಸ್ಕಿನೊಳಗೂ ಹೊಗೆಯ ವಾಸನೆ. ಮಡಿಲಲ್ಲಿದ್ದ ಸ್ಟೀಲಿನ ಡಬ್ಬಿಯಲ್ಲಿ ನನ್ನ ಯಜಮಾನರ ಬೂದಿ. ನಮ್ಮ ಲಿಂಗಾಯತರಲ್ಲಿ ಸುಡುವುದಿಲ್ಲ, ಮಣ್ಣಿನಲ್ಲಿ ಕೂರಿಸುತ್ತೇವೆ. ಆ ಊರಲ್ಲಿ ಅದಕ್ಕೆ ಜಾಗ ಸಿಗದೆ, ಅವರ ಕಾರ್ಖಾನೆಯ ಗೆಳೆಯರು ಚಿತಾಗಾರಕ್ಕೆ ಒಯ್ದಿದ್ದರು.

ರೈಲು ದಕ್ಷಿಣಕ್ಕೆ ಬಂದಂತೆ ಕಿಟಕಿಯಾಚೆಗಿನ ದೂರ ಹೆಚ್ಚುತ್ತ ಹೋಯಿತು. ಮೊದಲು ಹಳಿಯ ಪಕ್ಕದ ಗೋಡೆಯಷ್ಟೇ ಕಂಡಿತ್ತು; ಆಮೇಲೆ ಮರ, ಆಮೇಲೆ ಗುಡ್ಡ. ಈ ಚಳಿಗಾಲವಿಡೀ ಯಜಮಾನರು ಮಲಗಿರಲಿಲ್ಲ. ಬೆನ್ನು ಹಾಸಿಗೆಗೆ ತಾಗಿದರೆ ಉಸಿರು ಕಟ್ಟುತ್ತಿತ್ತು. ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕಿ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಬರ್ತಿನಲ್ಲಿ ಕಾಲು ಚಾಚಿದಾಗ, ಊರಲ್ಲಿ ಇವರನ್ನು ಮತ್ತೆ ಕೂರಿಸುತ್ತಾರಲ್ಲ ಎಂದು ಹೊಳೆಯಿತು. ನನಗೆ ಅದು ಬೇಡವಾಗಿತ್ತು.

ಮೂರನೆಯ ದಿನ ಲೋಂಡಾದಲ್ಲಿ ಇಳಿದೆ. ಮಂಜಿತ್ತು, ಅದನ್ನು ನೋಡಿ ಕೈ ತಾನಾಗಿ ಮಾಸ್ಕಿಗೆ ಹೋಯಿತು. ಚಹಾ, ಅವಲಕ್ಕಿ ಮುಗಿಸಿ ಅಳ್ನಾವರದ ಮೇಲೆ ಹೋಗುವ ಹಳಿಯಾಳದ ಬಸ್ಸು ಹಿಡಿದೆ. ಕಂಡಕ್ಟರ್ ನನ್ನ ಆಧಾರ್ ಕಾರ್ಡು ತಿರುಗಿಸಿ ನೋಡಿದ. "ದಿಲ್ಲಿ ವಿಳಾಸ ಐತಲ್ರಿ ಅಕ್ಕಾರ, ನಿಮಗ ಫ್ರೀ ಇಲ್ರಿ. ಅಲ್ಲೆ ಉಸಿರಾಡಾಕೂ ಟಿಕೀಟು ಐತಂತ, ಖರೆ ಏನ್ರಿ?" ಖರೆ ಎಂದೆ. ನಕ್ಕ.

ಊರು ಹಳಿಯಾಳದಿಂದ ದಾಂಡೇಲಿ ರಸ್ತೆಯಲ್ಲಿದೆ. ಭಾವ, ಅಂದರೆ ಯಜಮಾನರ ಅಣ್ಣ, ಹೊಲದ ಬದಿಗೆ ಚೌಕನೆಯ ಕುಣಿ ತೋಡಿಸಿದ್ದರು. ಇವರನ್ನು ಮಲಗಿಸಿ ಎಂದು ಕೇಳಿದೆ.

"ನಮ್ಮ ಮಂದ್ಯಾಗ ಯಾರನ್ನ ಮಲಗಿಸ್ಯಾರ, ತಂಗಿ?"

ಚಳಿಗಾಲದ್ದೆಲ್ಲ ಹೇಳಿದೆ. ಭಾವನಿಗೆ ಅದೊಂದೂ ಗೊತ್ತಿರಲಿಲ್ಲ. ಫೋನಿನಲ್ಲಿ ಇವರು ಆರಾಮ ಅದೇನಿ ಎಂದಷ್ಟೇ ಹೇಳುತ್ತಿದ್ದರಂತೆ. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ನನ್ನ ಕೈಯ ಡಬ್ಬಿಯತ್ತ ನೋಡಿದರು. "ಕುಂದರ್ಸೂದು ದೇಹಕ್ಕ. ಬೂದಿಗೆ ನಾ ಏನ್ ಹೇಳ್ಲಿ? ನೀವ ನೋಡ್ರಿ," ಎಂದರು.

ಭಾವ ಹಾರೆ ಹಿಡಿದು ಕುಣಿಯನ್ನು ಒಂದು ಬದಿಗೆ ಉದ್ದ ಮಾಡಿದರು. ಅಣ್ಣ ತಮ್ಮಂದಿರು ಒಂದೇ ಎತ್ತರ. ಅಳತೆ ನೋಡಲು ತಾವೇ ಇಳಿದು ಅದರಲ್ಲಿ ಮಲಗಿಬಿಟ್ಟರು. ನೆಗೆಣ್ಣಿ, ಭಾವನ ಹೆಂಡತಿ, ಬೈದರು: "ಏಳ್ರಿ ಮ್ಯಾಲ, ಬುದ್ಧಿಗಿದ್ಧಿ ಐತೇನು ನಿಮಗ?" ಅವರು ಏಳಲಿಲ್ಲ. ಆಕಾಶ ನೋಡುತ್ತ, ತೋಳು ಚಾಚಿ, ಒಂದೆರಡು ಸಲ ದೀರ್ಘವಾಗಿ ಉಸಿರೆಳೆದುಕೊಂಡರು. ಮೇಲೆ ಬಂದಾಗ ಬೆನ್ನೆಲ್ಲ ಮಣ್ಣು. ತಮ್ಮ ಹೆಗಲ ಶಲ್ಯ ಹಾಸಿ, ಬೂದಿಯನ್ನು ತಲೆಯಿಂದ ಕಾಲಿನವರೆಗೆ ಅಂಗೈಯಿಂದ ಹರವಿದರು. ಎದೆಯಿರಬೇಕಾದಲ್ಲಿ ನಾನು ಯಜಮಾನರ ಇಷ್ಟಲಿಂಗ ಇಟ್ಟೆ.

"ಅಡ್ಡಾಗು, ತಮ್ಮಾ," ಎಂದರು ಭಾವ.

ನೆಗೆಣ್ಣಿ ಇಲ್ಲೇ ಇರು ಎಂದರು. ನೆರೆಮನೆಯಲ್ಲಿ ಬಿಟ್ಟುಬಂದ ಮಗಳ ಶಾಲೆ ದಿಲ್ಲಿಯಲ್ಲಿದೆ, ಮರುದಿನ ಹೊರಟೆ. ಬಸ್ಸಿನಿಂದ ತಿರುಗಿ ನೋಡಿದೆ. ಆ ಹೊಲದಲ್ಲಿ ಹಿರಿಯರ ಸಮಾಧಿಗಳೆಲ್ಲ ಚೌಕ. ಆಳುದ್ದಕ್ಕೆ ಏರಿಸಿದ ಮಣ್ಣು ಇವರದೊಂದೇ.