ಇಡ್ಲಿ ಹಿಟ್ಟಿನ ಪಕ್ಕದ ಬಿಯರ್

ಲಂಡನ್ನಿನಲ್ಲಿ ಒಲಿಂಪಿಕ್ಸ್ ನಡೆದ ಮರುವರ್ಷ. ಮಾರ್ಚ್ ಮುಗಿಯುತ್ತ ಬಂದರೂ ಮ್ಯಾಂಚೆಸ್ಟರ್ ಹತ್ತಿರದ ನಮ್ಮ ಊರು ಮ್ಯಾಕಲ್ಸ್‌ಫೀಲ್ಡಿನಲ್ಲಿ ಚಳಿ ಬಿಟ್ಟಿರಲಿಲ್ಲ. ಒಂದು ಶನಿವಾರ ಪಕ್ಕದ ಮನೆಯ ಮುದುಕರು ಒಬ್ಬರೇ ಬಂದು ನಮ್ಮ ಹಿಂಬಾಗಿಲು ತಟ್ಟಿ ವಿಚಿತ್ರವಾದ ಪ್ರಶ್ನೆಯೊಂದನ್ನು ಕೇಳಿದರು. ಅವರು ಕೇಳಿದ್ದು ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಅದು ಯಾಕೋ ಕನ್ನಡದಲ್ಲೇ ಉಳಿದಿದೆ.

"ದೇವರಿಗೆ ಅಡುಗೆ ಮಾಡುವಾಗ ರುಚಿ ನೋಡೋದಿಲ್ಲ ಅಂತ ಹೇಳಿದ್ರಲ್ಲ, ಮತ್ತೆ ಉಪ್ಪು ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ?"

ನಾನು ಹಿಗ್ಗಿಹೋದೆ. ನೈವೇದ್ಯದ ಅಡುಗೆಯನ್ನು ದೇವರಿಗಿಂತ ಮೊದಲು ನಾವು ಬಾಯಿಗಿಡುವ ಹಾಗಿಲ್ಲ. ನಮ್ಮಮ್ಮ ಗಣೇಶನ ಹಬ್ಬದ ದಿನ ಮನೆ ತುಂಬ ಜನಕ್ಕೆ ಸಾರು, ಕೋಸಂಬರಿ, ಚಿತ್ರಾನ್ನ ಎಲ್ಲವನ್ನೂ ನಾಲಿಗೆಗೆ ತಾಗಿಸದೆ ಮಾಡುತ್ತಿದ್ದಳು, ಒಂದರಲ್ಲೂ ಉಪ್ಪು ತಪ್ಪುತ್ತಿರಲಿಲ್ಲ. ಎಲ್ಲ ಕಣ್ಣಳತೆ, ಕೈಯಳತೆ, ನನಗೂ ಅದು ಬರುತ್ತದೆ ಎಂದೆ. ಜಂಬ ಸ್ವಲ್ಪ ಜಾಸ್ತಿಯೇ ಆಯಿತು. ಊರಿನ ಔಷಧಿ ಕಾರ್ಖಾನೆಯಲ್ಲಿ ನನ್ನ ಕೆಲಸ ಗುಣಮಟ್ಟದ ಪರೀಕ್ಷೆ. ಅಲ್ಲಿ ಪರೀಕ್ಷೆಯಾಗದೆ ಏನೂ ಬಾಗಿಲು ದಾಟುವುದಿಲ್ಲ. ಮನೆಗೆ ಬಂದರೆ ಮಾತ್ರ ಅಮ್ಮನ ಕಣ್ಣಳತೆಯೇ ನನಗೆ ಪ್ರಮಾಣ.

ಮುದುಕರು ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು. ಹಿಂದಿನ ಚಳಿಗಾಲದಲ್ಲಿ ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿ ಅವರ ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದಿತ್ತು. ಗಾಯ ವಾಸಿಯಾಯಿತು, ಆದರೆ ಮೂಗಿಗೆ ವಾಸನೆ ತಿಳಿಯದಂತಾಯಿತು, ಅದರ ಜೊತೆಗೆ ರುಚಿಯೂ ಹೋಯಿತು. ಇದು ಅವರ ಡಾಕ್ಟರಿಗೆ ಗೊತ್ತು, ಹೆಂಡತಿಗೆ ಗೊತ್ತಿಲ್ಲ.

"ಹೇಳಿಬಿಡಬಾರದೇ?" ಎಂದೆ.

"ಹೇಗೆ ಹೇಳಲಿ? ಒಂದು ವರ್ಷದಿಂದ ದಿನಾ ತಟ್ಟೆ ಖಾಲಿ ಮಾಡಿ 'ಲವ್ಲಿ' ಅಂತಿದೀನಿ. ಅವಳು ಶಾಲೆ ಅಡುಗೆಮನೇಲಿ ಜೀವ ತೇಯ್ದವಳು. ನೀನು ಮಾಡಿದ್ದೆಲ್ಲ ನನಗೆ ರಟ್ಟು ಅಗಿದ ಹಾಗಿರುತ್ತೆ ಅಂತ ಹೇಳಲಾ?"

ಅವರ ಕಷ್ಟ ಇಷ್ಟು. ಪ್ರತಿ ಮೇ ತಿಂಗಳಲ್ಲಿ ಮದುವೆಯ ದಿನಕ್ಕೆ ಹೆಂಡತಿಗಾಗಿ ಮನೆಯಲ್ಲೇ ಬಿಯರ್ ಮಾಡುವುದು ಅವರ ಪದ್ಧತಿ. ಬಸ್ ಓಡಿಸುತ್ತಿದ್ದ ಆ ಮನುಷ್ಯನಿಗೆ ಬರುತ್ತಿದ್ದ ಪಾಕವೆಂದರೆ ಅದೊಂದೇ. ಈ ಸಲವೂ ಬಕೆಟ್ಟಿನಲ್ಲಿ ಮಾಲ್ಟು, ಯೀಸ್ಟು ಹಾಕಿ ಶೆಡ್ಡಿನಲ್ಲಿ ಇಟ್ಟಿದ್ದರು. ಮುಚ್ಚಳದ ಮೇಲಿನ ಪುಟ್ಟ ನಳಿಗೆಯಲ್ಲಿ ಒಂದೆರಡು ದಿನ ಗುಳುಗುಳು ಎಂದು ಗಾಳಿ ಬಂದು, ನಿಂತುಹೋಗಿತ್ತು. ಅದು ಆಗಿದೆಯೋ, ಸತ್ತಿದೆಯೋ? ಮೊದಲಾದರೆ ಒಂದು ಗುಟುಕು ಕುಡಿದರೆ ತಿಳಿಯುತ್ತಿತ್ತು. ಹೋದ ವರ್ಷ ಅದೃಷ್ಟಕ್ಕೆ ತಾನಾಗೇ ಹದಕ್ಕೆ ಬಂದಿತ್ತು. ಈಗ ಬಿಯರ್ ಕೆಟ್ಟರೆ, ಅದು ನಿನಗೆ ಹೇಗೆ ಗೊತ್ತಾಗಲಿಲ್ಲ ಎಂದು ಹೆಂಡತಿ ಕೇಳುತ್ತಾಳೆ, ಒಂದು ವರ್ಷದ ಲವ್ಲಿಯೆಲ್ಲ ಸುಳ್ಳು ಎಂದು ಬಯಲಾಗುತ್ತದೆ.

ನಾನು ಬಿಯರನ್ನು ಅದುವರೆಗೆ ಬಾಯಲ್ಲಿಟ್ಟವಳಲ್ಲ. ವ್ರತವೇನೂ ಇರಲಿಲ್ಲ, ನಮ್ಮ ಮನೆಯ ಹೆಂಗಸರಿಗೆ ಅಭ್ಯಾಸವಿರಲಿಲ್ಲ, ಅಷ್ಟೆ. ಆದರೂ ಶೆಡ್ಡಿಗೆ ಹೋದೆ. ಅವರ ಬಳಿ ಒಂದು ಗಾಜಿನ ತೇಲುಕಡ್ಡಿ ಇತ್ತು. ಸಕ್ಕರೆ ಹೆಚ್ಚಿದ್ದರೆ ಅದು ಮೇಲೆ ತೇಲುತ್ತದೆ, ಸಕ್ಕರೆ ಹೆಂಡವಾಗುತ್ತ ಹೋದ ಹಾಗೆ ಕೆಳಗಿಳಿಯುತ್ತದೆ. ಕಡ್ಡಿ ಇನ್ನೂ ಮೇಲೇ ಇತ್ತು. ಬಕೆಟ್ಟಿಗೆ ಕೈ ತಾಗಿಸಿದರೆ ಮಂಜುಗಡ್ಡೆ. ನನಗೆ ನಗು ಬಂತು. ಇದೇ ಚಳಿಯಲ್ಲಿ ನನ್ನ ಇಡ್ಲಿ ಹಿಟ್ಟು ಎಷ್ಟು ಸಲ ಹೀಗೆ ಮುನಿಸಿಕೊಂಡು ಕೂತಿಲ್ಲ!

"ಸತ್ತಿಲ್ಲ, ಮಲಗಿದೆ. ನಮ್ಮನೆಗೆ ತನ್ನಿ," ಎಂದೆ.

ನಮ್ಮ ಮನೆಯಲ್ಲಿ ಬಿಸಿನೀರಿನ ಬಾಯ್ಲರ್ ಇರುವ ಬೆಚ್ಚನೆಯ ಬೀರು ಇಡ್ಲಿ ಹಿಟ್ಟಿನ ಕಾಯಂ ಜಾಗ. ಬಿಯರ್ ಬಕೆಟ್ಟನ್ನು ಅದರ ಪಕ್ಕದಲ್ಲೇ ಕೂರಿಸಿ, ಹಳೆಯ ಶಾಲು ಹೊದಿಸಿದೆ. ಮ್ಯಾಂಚೆಸ್ಟರ್ ಆಸ್ಪತ್ರೆಯಿಂದ ದಣಿದು ಬಂದ ನನ್ನ ಗಂಡ ಟವೆಲ್ ತೆಗೆದುಕೊಳ್ಳಲು ಬೀರು ತೆಗೆದು ಹಾಗೇ ನಿಂತರು.

"ಏನೇ ಇದು? ಇಡ್ಲಿಗೂ ಬಿಯರಿಗೂ ಒಂದೇ ರೂಮಾ?"

"ಪಕ್ಕದ ಮನೆಯವರ ಶೆಡ್ ತುಂಬಾ ಕೋಲ್ಡು ರೀ. ಪಾಪ, ಇರಲಿ ಬಿಡಿ."

"ನಿಂಗೆ ಬಿಯರ್ ಬಗ್ಗೆ ಏನೇ ಗೊತ್ತು?"

"ಹುಳಿ ಬರಿಸೋದು ಗೊತ್ತಲ್ಲ," ಎಂದೆ. ಮುದುಕರ ಗುಟ್ಟು ಮಾತ್ರ ಹೇಳಲಿಲ್ಲ.

ಬೆಳಗಾಗುವುದರೊಳಗೆ ಗುಳುಗುಳು ಶುರುವಾಯಿತು. ದಿನಾ ಮುಚ್ಚಳ ತೆಗೆದು ಇಣುಕಿದೆ, ಹಿಟ್ಟಿನ ಸೌಟನ್ನೇ ತೊಳೆದು ಅದರಲ್ಲಿ ಒಂದಿಷ್ಟು ಎತ್ತಿ ತೇಲುಕಡ್ಡಿ ಇಳಿಸಿ ನೋಡಿದೆ. ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಅವರ ಜನ್ಮ ಜಾಲಾಡುತ್ತಿದ್ದೆ. ಮನೆಯಲ್ಲಿ ಆ ಬುದ್ಧಿ ಎಲ್ಲಿಗೆ ಹೋಗಿತ್ತೋ ನನಗೆ ಇವತ್ತಿಗೂ ತಿಳಿಯದು. ಕಡೆಗೆ ಕಡ್ಡಿ ಕೆಳಗಿಳಿದು ನಿಂತಿತು. ಆದರೆ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿತ್ತು. ಅದು ಒಳ್ಳೆಯದೋ ಕೆಟ್ಟದ್ದೋ? ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಒಬ್ಬ ಚೆಲ್ಲು ಎನ್ನುತ್ತಾನೆ, ಇನ್ನೊಬ್ಬ ಕುಡಿ ಎನ್ನುತ್ತಾನೆ, ಮೂರನೆಯವನು ಅಡ್ಡಗೋಡೆಯ ಮೇಲೆ ದೀಪ ಇಡುತ್ತಾನೆ.

ಮುದುಕರು ಬಂದು ನನ್ನ ಮುಖವನ್ನೇ ನೋಡುತ್ತ ನಿಂತರು. "ಒಂದು ಗುಟುಕು ನೋಡ್ತೀರಾ?"

"ಬೇಡ, ವಾಸನೆ ಸಾಕು," ಎಂದು ಬಗ್ಗಿ ಮೂಸಿದೆ. ಆಹಾ! ಹದವಾದ ಹುಳಿ, ಮೂಗಿಗೆ ಸ್ವಲ್ಪ ಚುರುಕು. ಹಿಟ್ಟು ಚೆನ್ನಾಗಿ ಉಕ್ಕಿದ ಬೆಳಗ್ಗೆ ಪಾತ್ರೆಯ ಮುಚ್ಚಳ ತೆಗೆದರೆ ಬರುವ ವಾಸನೆ. ನಮ್ಮಲ್ಲಿ ಆ ವಾಸನೆ ಬಂದರೆ ಮನೆಯವರೆಲ್ಲ ಖುಷಿಪಡುತ್ತಾರೆ. "ಪರ್ಫೆಕ್ಟ್ ಆಗಿದೆ," ಎಂದೆ. ಅವರ ಕಣ್ಣಲ್ಲಿ ನೀರು ಬಂತು. ಪೊರೆ ತೆಗೆದು, ಸೀಸೆಗಳನ್ನು ಕುದಿವ ನೀರಲ್ಲಿ ಅದ್ದಿ, ಒಂದೊಂದಕ್ಕೂ ಅರ್ಧ ಚಮಚ ಸಕ್ಕರೆ ಹಾಕಿ ತುಂಬಿದೆವು. ಜಾಸ್ತಿ ಹಾಕಿದರೆ ಸೀಸೆ ಸಿಡಿಯುತ್ತದೆ, ಕಮ್ಮಿಯಾದರೆ ನೊರೆ ಬರುವುದಿಲ್ಲ ಎಂದು ಅವರು ಹೇಳಿಕೊಟ್ಟರು. ಅಷ್ಟೂ ಹೊತ್ತು ಸಿಳ್ಳೆ ಹಾಕುತ್ತಿದ್ದರು.

ಮೇ ತಿಂಗಳ ಆ ಮಧ್ಯಾಹ್ನ ಅವರ ತೋಟದಲ್ಲಿ ನಾವು ನಾಲ್ವರೇ. ನೊರೆ ಚೆನ್ನಾಗಿ ಎದ್ದಿತು. ಅವರ ಹೆಂಡತಿ ಮೊದಲ ಗುಟುಕು ಕುಡಿದರು. ಮುದುಕರು ಉಸಿರು ಹಿಡಿದು ಕೂತಿದ್ದರು, ನಾನೂ ಅಷ್ಟೆ.

"ಲವ್ಲಿ," ಎಂದರು ಆಕೆ, ಇನ್ನೊಂದು ಗುಟುಕು ಕುಡಿದರು.

ನನ್ನ ಗಂಡ ತಮ್ಮ ಲೋಟಕ್ಕೆ ಬಾಯಿಟ್ಟವರು ಕೆಮ್ಮುವ ಹಾಗೆ ಮಾಡಿ ನನ್ನ ಕಡೆ ವಾಲಿ ಕನ್ನಡದಲ್ಲಿ ಪಿಸುಗುಟ್ಟಿದರು. "ಥೂ, ಮೂರು ದಿನದ ಹುಳಿ ಮಜ್ಜಿಗೆ ಕಣೇ! ಪೂರ್ತಿ ಕೆಟ್ಟೋಗಿದೆ. ಹೇಗೆ ಕುಡೀತಿದಾರೆ ಆಕೆ?"

ನನಗೆ ತಲೆಬುಡ ತಿಳಿಯಲಿಲ್ಲ. ಬಿಯರಿಗೆ ಹುಳಿ ಬರಬಾರದೇ? ನನ್ನ ಹಿಟ್ಟಿನ ಸೌಟೇ ಅದನ್ನು ಕೆಡಿಸಿತೇ? ಕೆಟ್ಟಿದ್ದರೆ ಆಕೆ ಲವ್ಲಿ ಎಂದಿದ್ದೇಕೆ? ತಟ್ಟೆ ಎತ್ತುವ ನೆಪದಲ್ಲಿ ಆಕೆಯ ಹಿಂದೆ ಅಡುಗೆಮನೆಗೆ ಹೋದೆ. ಆಕೆ ನಲ್ಲಿ ಬಿಟ್ಟು ಬಾಯಿ ಮುಕ್ಕಳಿಸುತ್ತಿದ್ದರು.

"ಅವರು ನಿನ್ನ ಹತ್ರ ಮೂಸಿ ನೋಡಿಸಿದ್ರಾ, ಡಕ್?" ಎಂದರು. ಈ ಸೀಮೆಯವರು ಪ್ರೀತಿ ಬಂದರೆ ಎಲ್ಲರನ್ನೂ ಹಾಗೇ ಕರೆಯುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ನನ್ನ ಮೂಗಿಗೆ ಹೋಯಿತು.

"ನಂಗೆ ಗೊತ್ತು," ಎಂದರು ಆಕೆ. "ಅವರು ಬಿದ್ದ ಮೇಲೆ ಒಂದು ದಿನ ಕಸ್ಟರ್ಡಿಗೆ ಸಕ್ಕರೆ ಬದಲು ಉಪ್ಪು ಸುರಿದುಬಿಟ್ಟೆ, ಮರೆತು. ಎರಡು ಸಲ ಬಡಿಸಿಕೊಂಡು ತಿಂದು ಲವ್ಲಿ ಅಂದ್ರು. ಬಚ್ಚಲಿಗೆ ಹೋಗಿ ಅತ್ತೆ. ಅವರಿಗೆ ತಿಳಿಯಲ್ಲ ಅಂತ ಗೊತ್ತಿದ್ದೂ ಇವತ್ತಿಗೂ ಉಪ್ಪು, ಹುಳಿ, ಸಿಹಿ ಎಲ್ಲ ನೋಡಿನೇ ಅಡುಗೆ ಮಾಡ್ತೀನಿ. ಅವರು ಇಷ್ಟು ಕಷ್ಟಪಟ್ಟು ಮುಚ್ಚಿಟ್ಟಿರೋದನ್ನ ನಾನು ಯಾಕೆ ತೆಗೀಲಿ? ಹೇಳಬೇಡ."

ಅತ್ತ ಅವರು ನಂಬಿ ಹೇಳಿದ ಗುಟ್ಟು, ಇತ್ತ ಈಕೆಗೆ ಕೊಡಬೇಕಾದ ಮಾತು. ಇಬ್ಬರಿಗೂ ನಿಜ ಗೊತ್ತಾದರೆ ಇಬ್ಬರ ಭಾರವೂ ಇಳಿಯುತ್ತದೋ, ಅಥವಾ ಇಬ್ಬರೂ ಕುಸಿಯುತ್ತಾರೋ? ಹೇಳುವುದು ಉಪಕಾರವೋ, ಹೇಳದಿರುವುದೋ? ಹೇಳುವುದಿಲ್ಲ ಎಂದು ತಲೆಯಾಡಿಸಿದೆ.

ಇಬ್ಬರೂ ಹೊರಗೆ ಬಂದರೆ ಮುದುಕರು ಹೊಸ ಸೀಸೆ ತೆಗೆದು ಒಂದು ಪುಟ್ಟ ಲೋಟ ತುಂಬಿಸಿ ನನಗಾಗಿ ಕಾಯುತ್ತಿದ್ದರು. "ಇದನ್ನ ಬದುಕಿಸಿದವರು ಇವರು," ಎಂದು ನನ್ನ ಗಂಡನಿಗೆ ಹೇಳಿ, ಹೆಂಡತಿಯ ಕಡೆ ಕಣ್ಣು ಹಾಯಿಸಿ ನನ್ನತ್ತ ತಿರುಗಿದರು. "ದೇವರಿಗೆ ಆಯ್ತಲ್ಲ ಈಗ, ನೀವು ರುಚಿ ನೋಡಬಹುದು."

"ಅವಳು ಕುಡಿಯಲ್ಲ," ಎಂದರು ನನ್ನ ಗಂಡ. ಆಕೆ ನನ್ನನ್ನೇ ನೋಡುತ್ತಿದ್ದರು.

ಲೋಟ ತೆಗೆದುಕೊಂಡೆ. ಕುಡಿದೆ. ಹುಳಿ ಹಿಟ್ಟಿಗೆ ಕಹಿ ಬೇವು ಕಲಸಿದ ಹಾಗಿತ್ತು, ಕಣ್ಣಲ್ಲಿ ನೀರು ಬಂತು. ನುಂಗಿದೆ.

"ಲವ್ಲಿ," ಎಂದೆ.

ಮುದುಕರ ಮುಖ ಅರಳಿತು. ಅವರ ಹೆಂಡತಿ ತಮ್ಮ ಖಾಲಿ ಲೋಟವನ್ನು ಮತ್ತೆ ಮುಂದೆ ಹಿಡಿದರು.